ಎಂಪಿ ಸಾಹೇಬರ ಬಕೀಟು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ನಾಗರ ಪಂಚಮಿಯ ಮರುದಿನ. ಗಣಿತದ ಮಾಸ್ತರರು ಹಬ್ಬದ ರಜೆಯಲ್ಲಿ ಮಾಡಿದ ಲೆಕ್ಕ ತೋರಿಸು ಅಂದರು. ಜೋಕಾಲಿ ಆಡಿದ್ದು ಬಿಟ್ಟರೆ ನಾನು ಬೇರೇನೂ ಮಾಡಿರಲಿಲ್ಲ. ಪಾಟೀಚೀಲವನ್ನು ಶಾಲೆಯ ಕಿಟಕಿಯಲ್ಲಿಟ್ಟು, ಘಾಟಬೋರಾಳದ ರಸ್ತೆಗೆ ಬಂದು ಒಂದು ಲಾರಿಗೆ ಕೈ ಮಾಡಿದೆ. ಆ ಲಾರಿ ಬಣ್ಣ ಹಚ್ಚಿಸಿಕೊಳ್ಳಲು ಬಸವಕಲ್ಯಾಣದ ಕಡೆ ಹೊರಟಿತ್ತು. ಅದಕ್ಕೆ ಬಣ್ಣ ಹಚ್ಚಿ ಮುಗಿಯುವುದರೊಳಗೆ ನಾನು ಗ್ಯಾರೇಜಿನವರ ಆಳಾಗಿದ್ದೆ, ಮುಂದಿನ ಹಬ್ಬದ ಹೊತ್ತಿಗೆ ಪೇಂಟರ್ ಆಗಿದ್ದೆ.

ಅಲ್ಲಿಂದ ಒಂದೂರಿನಲ್ಲಿ ನೆಟ್ಟಗೆ ನಿಂತವನಲ್ಲ. ಸೋಲಾಪುರ, ಜಹೀರಾಬಾದ್, ನಾಂದೇಡ, ಎಲ್ಲಿ ಲಾರಿ ನಿಲ್ಲುತ್ತದೋ ಅಲ್ಲಿ ನಾನು. ಆದರೆ ನಗುವಂಥ ಪ್ರಸಂಗಗಳು ನನ್ನ ವಿಳಾಸ ಕೇಳಿಕೊಂಡು ಬಂದು ಬೀಳುವುದು ಮಾತ್ರ ತಪ್ಪಲಿಲ್ಲ. ಅದರಲ್ಲೂ ಇಲೆಕ್ಷನ್ ಬಂತೆಂದರೆ ಹುಮನಾಬಾದಿನಿಂದ ನಮ್ಮ ಎಂಪಿ ಸಾಹೇಬರ ನಿರೋಪ ಬರುತ್ತಿತ್ತು: ಎಲ್ಲಿದ್ದರೂ ಬಾ, ಗೋಡೆ ಕಾಯುತ್ತಿವೆ.

ಸಾಹೇಬರು ಅಲ್ಲಿಯ ತನಕ ನಿಂತಾಗಲೆಲ್ಲ ಗೆದ್ದವರು. ಪ್ರತಿ ಸಲವೂ ಫಾರ್ಮು ತುಂಬಿ ಬಂದು, ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಪಕ್ಕಕ್ಕಿಟ್ಟು ಒಂದೇ ಮಾತು ಹೇಳುತ್ತಿದ್ದರು: "ಇದ ನಂದು ಕಡೀ ಇಲೆಕ್ಷನ್. ಗೆದ್ದು ಮನೀಗಿ ಹೋಗಬೇಕು. ಸೋತು ಹೋಗಬಾರದು, ಅಷ್ಟ." ಅವರ ಆಸೆ ಇಷ್ಟೇ. ಆದರೆ ಗೆದ್ದವರನ್ನು ಜನ ದಿಲ್ಲಿಗೆ ಕಳಿಸುತ್ತಾರೆಯೇ ಹೊರತು ಮನೆಗೆ ಕಳಿಸುವುದಿಲ್ಲ. ಹೀಗಾಗಿ ಅವರ ಕಡೆಯ ಇಲೆಕ್ಷನ್ನುಗಳಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು.

ಮುಖ

ಲಾರಿಯ ಹಿಂದೆ ನವಿಲು, ಹುಲಿ, ಕಮಲದ ಕೊಳ ಬರೆದು ಕೈ ಪಳಗಿತ್ತು. ಸಾಹೇಬರಿಗೆ ನನ್ನ ಹುಲಿ ಬಹಳ ಹಿಡಿಸಿ, ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ತಮ್ಮ ಮುಖ ಬರಿ ಅಂದರು. ಬರೆದೆ. ಕೆಳಗೆ ಅವರ ಪಕ್ಷದ ನಿಶಾನಿ ಬಕೀಟನ್ನೂ ಬರೆದೆ. ಸಾಹೇಬರು ಬಂದು ನೋಡಿ, ಮೀಸೆ ಹುಲಿಯದಾಗಿದೆ, ಇರಲಿ ಅಂದರು.

ಅಷ್ಟರಲ್ಲಿ ಬೇಮಳಖೇಡದ ಕಡೆಯ ಒಬ್ಬ ಮುದುಕಿ ಬಸ್ಸಿಳಿದು ಬಂದಳು. ಗೋಡೆ ನೋಡಿದಳು, ಗೋಡೆಯ ಮುಂದೆ ಕೈ ಮುಗಿದು ನಿಂತ ಸಾಹೇಬರನ್ನೂ ನೋಡಿದಳು. ಇವರು ಯಾರು ಗೊತ್ತೇನವ್ವ ಅಂತ ನಾನೇ ಕೇಳಿದೆ. ಗೊತ್ತಿಲ್ಲ ಅಂದಳು. ಗ್ವಾಡಿ ಮ್ಯಾಲಿಂದು ಯಾರು? ಗೊತ್ತಿಲ್ಲ. ಕೆಳಗಿನ ಬಕೀಟು ತೋರಿಸಿದೆ.

"ಅಯ್ಯ, ನಮ್ಮ ಎಂಪಿ. ಮೊದಲ ಹೇಳಬಾರದೇನಪ್ಪ."

ಸಾಹೇಬರು ಅವತ್ತೇ ಮುಖಕ್ಕೆ ಸುಣ್ಣ ಹೊಡೆಸಿ, ಆ ಜಾಗದಲ್ಲಿ ಇನ್ನೊಂದು ಬಕೀಟು ಬರೆಸಿದರು.

ಆಮೇಲೆ ಇದು ಎಲ್ಲಿಗೆ ಹೋಯಿತೆಂದರೆ, ಸಾಹೇಬರು ಮದುವೆಗೆ ಹೋದರೆ ಬೀಗರು ಮರ್ಯಾದೆಗೆ ಶಾಲು ಹೊದಿಸಿ ಒಂದು ಬಕೀಟು ಕೊಡತೊಡಗಿದರು. ತಾಮ್ರದ್ದು, ಸ್ಟೀಲಿನದು, ಪ್ಲಾಸ್ಟಿಕ್ಕಿನದು. ಜೀಪಿನ ಹಿಂದೆ ಬಕೀಟುಗಳು ಒಂದರೊಳಗೊಂದು ಕೂತು ಬರುತ್ತಿದ್ದವು. ಸಾಹೇಬರ ಹೆಂಡತಿ, ನಮ್ಮ ವೈನಿಯವರು, ನನಗೆ ಚಹಾ ಕೊಡುತ್ತ ಒಮ್ಮೆ ಹೇಳಿದರು: "ಬ್ಯಾರೆ ರಾಜಕೀಯದವರ ಮನೀಗಿ ಏನೇನೋ ಬರ್ತಾವಂತ. ನಮ್ಮ ಮನ್ಯಾಗ ನೋಡು, ಇವಕ್ಕೆಲ್ಲಾ ತುಂಬಸ್ಲಿಕ್ಕ ನೀರೂ ಇಲ್ಲ."

ತಳ

ಮೊದಲೆಲ್ಲ ಸುಣ್ಣದಲ್ಲಿ ನೀಲಿ ಕಲಸಿ ಬರೆಯುತ್ತಿದ್ದೆವು. ಒಂದು ಇಲೆಕ್ಷನ್ನಿನಲ್ಲಿ ಪ್ರಚಾರದ ನಡುವೆ ಅಡ್ಡಮಳೆ ಸುರಿಯಿತು. ನಮ್ಮೂರು ಘಾಟಬೋರಾಳದಲ್ಲಿ, ರಸ್ತೆಗೆ ಹತ್ತಿದ ನನ್ನ ಕಾಕಾನ ದನದ ಕೊಟ್ಟಿಗೆಯ ಗೋಡೆಯ ಮೇಲೆ ನನ್ನ ದೊಡ್ಡ ಬಕೀಟಿತ್ತು. ಸೂರಿನ ನೆರಳಿದ್ದ ಮೇಲಿನರ್ಧ ಉಳಿಯಿತು, ಕೆಳಗಿನರ್ಧ ಚರಂಡಿಗೆ ಹೋಯಿತು.

ಮರುದಿನವೇ ಎದುರು ಪಾರ್ಟಿಯವರ ಸಭೆ. ಭಾಷಣದವನು ಬೇರೇನೂ ಮಾತಾಡಲಿಲ್ಲ. ಗೋಡೆಯ ಕಡೆ ಕೈ ತೋರಿಸಿ, "ಇಷ್ಟು ವರ್ಷ ನೀವು ಹಾಕಿದ ವೋಟು ಎಲ್ಲಿ ಹೋದವು ಅಂತ ಕೇಳ್ತೀರಲ್ಲ, ನೋಡ್ರಿ, ಬಕೀಟಿಗಿ ತಳಾನೇ ಇಲ್ಲ" ಅಂದ. ಜನ ನಕ್ಕ ಸದ್ದು ಹುಮನಾಬಾದಿನವರೆಗೂ ಮುಟ್ಟಿತು.

ಸಾಹೇಬರು ನನ್ನನ್ನು ಕರೆಸಿ, ಸುಣ್ಣ ನೀಲಿ ಎಲ್ಲ ಚೆಲ್ಲು, ಆಯಿಲ್ ಪೇಂಟಿನಲ್ಲಿ ಬರಿ ಅಂದರು. ಆಯಿಲ್ ಪೇಂಟು ಒಮ್ಮೆ ಹಚ್ಚಿದರೆ ಹೋಗುವುದಿಲ್ಲ, ನಾಳೆ ಬೇರೇನಾದರೂ ಬರೆಯಬೇಕಾದರೆ ಫಜೀತಿ ಆಗುತ್ತದೆ ಅಂತ ನಾನು ಹೇಳಿದೆ.

"ಬ್ಯಾರೆ ಏನ್ ಬರೀತಿ? ನಾ ಸತ್ತರೂ ಬಕೀಟು ಉಳೀಬೇಕು. ಹಚ್ಚು."

ಹಚ್ಚಿದೆ. ಎರಡು ತಾಲೂಕಿನ ಗೋಡೆಗಳಿಗೆ ಲಾರಿಯ ಬಣ್ಣ ಹಚ್ಚಿದೆ. ಕಾಕಾ ಕೊಟ್ಟಿಗೆಯ ಗೋಡೆ ಮುಟ್ಟಿ ನೋಡಿ, ಒಳಗಿನ ಎಮ್ಮೆಗಿಂತ ಹೊರಗಿನ ಬಕೀಟೇ ಹೆಚ್ಚು ಹೊಳೆಯಾಕತ್ತದ ಅಂದ.

ಪರಿಶೀಲನೆ

ದಿಲ್ಲಿಯಲ್ಲಿ ಸಾಹೇಬರು ಏನು ಮಾಡುತ್ತಾರೆ ಅಂತ ಕೇಳಿದರೆ ಅವರಲ್ಲಿ ತಯಾರು ಉತ್ತರವಿತ್ತು: ರೈಲು ಕೇಳುತ್ತೇನೆ. ಹುಮನಾಬಾದಿಗೆ ರೈಲು ಯಾವಾಗ ಬರುತ್ತದೆ ಅಂತ ಪ್ರತಿ ಸಲ ಗೆದ್ದ ಮೇಲೂ ಅಲ್ಲಿ ಒಂದು ಪ್ರಶ್ನೆ ಹಾಕುವುದು, ಬಂದ ಉತ್ತರವನ್ನು ಊರೂರಿಗೆ ತಂದು ಓದುವುದು. ಉತ್ತರ ಪ್ರತಿ ಸಲವೂ ಒಂದೇ, 'ವಿಷಯ ಪರಿಶೀಲನೆಯಲ್ಲಿದೆ.'

ಓದುವಾಗ ಮಾತ್ರ ಅವರ ದನಿ ಹೇಗಿರುತ್ತಿತ್ತೆಂದರೆ, ರೈಲು ಆಗಲೇ ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ದಾಟಿ ಬರುತ್ತಿದೆ ಅನಿಸಬೇಕು. ಜನ ಚಪ್ಪಾಳೆಯನ್ನೂ ಹೊಡೆಯುತ್ತಿದ್ದರು. ಕ್ರಮೇಣ ಆ ಮಾತು ನಮ್ಮ ಕಡೆ ಜಾರಿಗೆ ಬಂತು. ಮಗಳಿಗೆ ವರ ಗೊತ್ತಾಯಿತೇನು ಅಂದರೆ, ಪರಿಶೀಲನೆಯಾಗ ಅದರಿ. ಚಹಾ ಆಯಿತೇನು ಅಂದರೆ, ಪರಿಶೀಲನೆಯಾಗ ಅದರಿ.

ಒಂದು ಸಲ ಹಳ್ಳಿಖೇಡದಲ್ಲಿ ಸಾಹೇಬರು ಭಾಷಣ ಮುಗಿಸಿ, ಈ ಸಲವೂ ನಿಮ್ಮ ವೋಟು ನನಗೇ ಅಲ್ಲವೇ ಅಂತ ಕೇಳಿದರು. ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಹಿರಿಯನೊಬ್ಬ ಸಾವಕಾಶ ಎದ್ದು ನಿಂತು, ತಲೆಯ ಪಟಗ ಸರಿ ಮಾಡಿಕೊಂಡು, ದಿಲ್ಲಿಯವರ ದನಿಯಲ್ಲೇ ಹೇಳಿದ: "ವಿಷಯ ಪರಿಶೀಲನೆಯಲ್ಲಿದೆ."

ಎಲ್ಲರಿಗಿಂತ ಜಾಸ್ತಿ ನಕ್ಕವರು ಸಾಹೇಬರೇ. ಆ ಸಲ ಹಳ್ಳಿಖೇಡದಲ್ಲಿ ಅವರಿಗೆ ವೋಟೂ ಜಾಸ್ತಿಯೇ ಬಿದ್ದವು.

ಹೊಲಿಗೆ ಮಷೀನು

ಎರಡು ಸಾವಿರ ಇಸವಿ ದಾಟಿತ್ತು. ಬಕೀಟಿನ ಪಾರ್ಟಿಯವರಿಗೂ ಸಾಹೇಬರಿಗೂ ಜಗಳವಾಗಿ, ಟಿಕೇಟು ಬೇರೆ ಒಬ್ಬ ಹೊಸಬನಿಗೆ ಹೋಯಿತು. ಸಾಹೇಬರು ಸಿಟ್ಟಿನಲ್ಲಿ ಬೇರೆ ಪಾರ್ಟಿ ಸೇರಿದರು. ಅದರ ನಿಶಾನಿ ಹೊಲಿಗೆ ಮಷೀನು. ಈಗ ಅವರ ಎದುರಾಳಿಯೇ ಬಕೀಟು. ಇಷ್ಟು ವರ್ಷ ಸೋಲದ ಮನುಷ್ಯ ಮೊದಲ ಸಲ ನಿದ್ದೆಗೆಟ್ಟಿದ್ದನ್ನು ನಾನು ಕಂಡೆ.

ಬಕೀಟಿಗೆ ಏನು ಬೇಕು? ಎರಡು ಓರೆ ಗೆರೆ, ಮೇಲೊಂದು ಹಿಡಿಕೆಯ ಕಡಿ. ಹೊಲಿಗೆ ಮಷೀನಿಗೆ ಗಾಲಿ, ಸೂಜಿ, ದಾರದ ಉಂಡಿ, ಕೆಳಗೆ ಕಾಲಲ್ಲಿ ತುಳಿಯುವ ಜಾಳಿಗೆ. ಒಂದು ಮಷೀನು ಬರೆಯುವ ಹೊತ್ತಿನಲ್ಲಿ ಇಡೀ ಓಣಿಯ ಬಕೀಟು ಮುಗಿಯುತ್ತಿದ್ದವು. ಹಳ್ಳಿಖೇಡದಲ್ಲಿ ಮೊದಲನೆಯದು ಬರೆದು ಕೆಳಗಿಳಿದರೆ, ನಿಂತು ನೋಡುತ್ತಿದ್ದವರು, ಕಬ್ಬಿನ ಹಾಲಿನ ಗಾಣ ಛಲೋ ಬಂದದ, ಗ್ಲಾಸು ಎಲ್ಲಿಡ್ತೀ ಅಂತ ಕೇಳಿದರು. ನಾನು ಪರೇಶಾನಾಗಿ ಸಾಹೇಬರಿಗೆ ಹೇಳಿದೆ. ಅವರು ಸ್ವಲ್ಪ ವಿಚಾರ ಮಾಡಿ, "ಹಳ್ಳಿಖೇಡದಾಗ ಅದು ಗಾಣಾನೇ ಇರಲಿ" ಅಂದರು.

ಬಸವಕಲ್ಯಾಣದಲ್ಲಿ ಇದರ ಉಲ್ಟಾ ಆಯಿತು. ಅಲ್ಲಿ ಒಬ್ಬ ಅಕ್ಕ ತನ್ನ ಗೋಡೆ ಕೊಟ್ಟಿದ್ದಳು, ಕೈ ಕೂತು ಮಷೀನು ಬಹಳ ಚೆಂದ ಬಂತು. ಮರುದಿನದಿಂದ ಓಣಿಯ ಹೆಂಗಸರು ಕುಪ್ಪಸದ ಖಣ ಹಿಡಿದುಕೊಂಡು ಆಕೆಯ ಬಾಗಿಲಿಗೆ ಬಂದರು. ನಾನು ದರ್ಜಿ ಅಲ್ಲವ್ವ ಅಂತ ಹೇಳಿ ಹೇಳಿ ಆಕೆಗೆ ಸಾಕಾಯಿತು. ಕಡೆಗೆ ತವರಿನಿಂದ ತಂದು ಅಟ್ಟಕ್ಕಿಟ್ಟಿದ್ದ ಹಳೆಯ ಮಷೀನು ಇಳಿಸಿ, ಧೂಳು ಕೊಡವಿ ಹೊಲಿಯಲು ಕೂತಳು. ಇಲೆಕ್ಷನ್ ಮುಗಿದ ಮೇಲೂ ಆಕೆಯ ಅಂಗಡಿ ನಡೆಯಿತು. ಸಾಹೇಬರು ಇಷ್ಟು ವರ್ಷದ ಕಾರಕೀರ್ದಿಯಲ್ಲಿ ಎಷ್ಟು ಜನರಿಗೆ ಕೆಲಸ ಕೊಡಿಸಿದರು ಅಂತ ಯಾರಾದರೂ ಕೇಳಿದರೆ, ನಾನು ಖಾತ್ರಿಯಿಂದ ಹೇಳಬಲ್ಲದ್ದು ಈ ಅಕ್ಕನ ಹೆಸರೊಂದೇ.

ಸುಣ್ಣ

ಹೊಸ ನಿಶಾನಿ ಬರೆದರೆ ಮುಗಿಯಲಿಲ್ಲ, ಹಳೆಯದನ್ನು ಅಳಿಸಬೇಕಲ್ಲ. ಎಲ್ಲಾ ಗೋಡೆಗಳ ಮೇಲೂ ಸಾಹೇಬರ ಹೆಸರು, ಪಕ್ಕದಲ್ಲಿ ಬಕೀಟು, ಅದೂ ಲಾರಿಯ ಬಣ್ಣದಲ್ಲಿ. ಕೆರೆದು ತೆಗೆಯಬೇಕು, ಸುಣ್ಣ ಹಿಡಿಯುವುದಿಲ್ಲ ಅಂದೆ. ಕೆರೆಯಲು ಟೈಮಿಲ್ಲ, ವೋಟಿಂಗ್ ಮುಗಿಯುವ ತನಕ ನಿಂತರೆ ಸಾಕು, ಸುಣ್ಣ ಹೊಡಿ ಅಂದರು ಸಾಹೇಬರು.

ಬಿಸಿಲಿಗೆ ಸುಣ್ಣ ಹಪ್ಪಳದ ಹಾಗೆ ಎದ್ದು ಬೀಳತೊಡಗಿತು. ಹೊಲಿಗೆ ಮಷೀನಿನ ಹೊಟ್ಟೆಯೊಳಗಿಂದ ಬಕೀಟು ಹೊರಗೆ ಬಂತು. ಹೊಸ ಬಕೀಟಿನವನು ಪೇಂಟಿಗೆ ಕೈ ಹಚ್ಚಲೇ ಇಲ್ಲ. ಅವನ ಪ್ರಚಾರವನ್ನು ನಮ್ಮ ಗೋಡೆಗಳೇ ಮಾಡುತ್ತಿದ್ದವು.

ಸಾಹೇಬರು ಘಾಟಬೋರಾಳಕ್ಕೆ ಬಂದು ಕಾಕಾನ ಹೊರಸಿನ ಮೇಲೆ ಕೂತರು. ನಾನು ಪಕ್ಕದಲ್ಲೇ ಇದ್ದೆ. ಕಾಕಾ ಕೈ ಮುಗಿದು, "ನೀವು ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ನಮ್ಮ ಮನಿ ವೋಟು ಎಲ್ಲಾ ನಿಮಗೇ. ಬಕೀಟಿಗೇ ಹಾಕ್ತೇವ್ರಿ" ಅಂದ.

ಸಾಹೇಬರು ಸಮಾಧಾನದಿಂದ ತಿಳಿಸಿ ಹೇಳಿದರು: ನಾನು ಬಕೀಟು ಬಿಟ್ಟಿದ್ದೇನೆ, ಈಗ ಮಷೀನು, ಬಕೀಟಿನವ ನನ್ನ ವೈರಿ. ಕಾಕಾ ಎಲ್ಲ ಕೇಳಿಕೊಂಡ. ಗೋಡೆ ನೋಡಿದ. ಸಾಹೇಬರ ಹೆಗಲ ಮೇಲೆ ಕೈಯಿಟ್ಟ.

"ನೀವು ಬಿಡಬಹುದ್ರಿ. ನಾವು ನಿಮಗ ಬಿಡೂದಿಲ್ಲ. ಬಕೀಟಿಗೇ ಹಾಕ್ತೇವಿ."

ಜೀಪು ಹುಮನಾಬಾದು ಮುಟ್ಟಿತು. ಇಳಿಯುವಾಗ ಸಾಹೇಬರು, "ಇಂಥಾ ಮಂದಿಗಿ ಕಟಗೊಂಡು ನಾ ಇಷ್ಟು ಸಲ ಗೆದ್ದೆ. ಈಗ ಇವರಿಂದಾನೇ ಸೋಲತೀನಿ ನೋಡು" ಅಂದರು.

ವೋಟು

ಆ ಸಲ ಶಿಕ್ಕಾ ಒತ್ತುವ ಚೀಟಿ ಹೋಗಿ ಗುಂಡಿ ಒತ್ತುವ ಮಷೀನು ಬಂದಿತ್ತು. ಸಾಹೇಬರು ಊರೂರು ತಿರುಗಿ ರಟ್ಟಿನ ಡಬ್ಬಿಯ ಮೇಲೆ ಜನರಿಗೆ ಕಲಿಸಿದ್ದರು: ಅವಸರ ಮಾಡಬ್ಯಾಡ್ರಿ, ನಿಶಾನಿ ನೋಡ್ರಿ, ಆಮ್ಯಾಲೆ ಒತ್ತರಿ.

ವೋಟಿಂಗಿನ ಮುಂಜಾನೆ ವೈನಿಯವರು ಆರತಿ ಮಾಡಿ ಕಳಿಸಿದರು. ಸಾಹೇಬರು ಹೊಸ ಧೋತರ ಉಟ್ಟು ಸಾಲಿನಲ್ಲಿ ನಿಂತರು, ಎಲ್ಲರಿಗೂ ಕೈ ಮುಗಿದರು, ಒಳಗೆ ಹೋದರು. ಹೊರಗೆ ಬಂದಾಗ ಮುಖ ನನ್ನ ಸುಣ್ಣಕ್ಕಿಂತ ಬೆಳ್ಳಗಾಗಿತ್ತು. ನೆಟ್ಟಗೆ ಬಂದು ಜೀಪು ಹತ್ತಿ ಕೂತರು. ಡ್ರೈವರನನ್ನು ಚಹಾ ಕುಡಿಯಲು ಕಳಿಸಿ, ನನ್ನನ್ನು ಹತ್ತಿರ ಕರೆದರು.

"ಪೇಂಟರ್, ಒಂದು ಮಾತು ಹೇಳ್ತೀನಿ. ನಾ ಇರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ."

ಇಲ್ಲ ಅಂದೆ. ಅವರು ಮಸಿ ಹಚ್ಚಿದ ಬೆರಳನ್ನು ಎತ್ತಿ, ಅದು ಬೇರೆ ಯಾರದೋ ಅನ್ನುವ ಹಾಗೆ ನೋಡಿದರು.

"ಇಷ್ಟು ವರ್ಷದ ರೂಢಿ. ಬಕೀಟು ಕಂಡ ಕೂಡಲೇ ಇದು ತಾನೇ ಹೋಗಿ ಒತ್ತಿಬಿಡ್ತು."

ನಾನು ನಗಬಾರದೆಂದು ತುಟಿ ಕಚ್ಚಿ ಹಿಡಿದೆ. ಅವರೇ ಮೊದಲು ನಕ್ಕರು. ಇಬ್ಬರೂ ಜೀಪಿನೊಳಗೆ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಹೊರಗಿದ್ದ ಕಾರ್ಯಕರ್ತರು, ಸಾಹೇಬರಿಗೆ ಗೆಲುವಿನ ಸುದ್ದಿ ಸಿಕ್ಕಿದೆ ಅಂತ ಪಟಾಕಿ ತರಲು ಓಡಿದರು.

ಸೋತರು. ಎಣಿಕೆಯ ದಿನ ಮನೆಗೆ ಬಂದಾಗ ವೈನಿಯವರು ಮೆಲ್ಲಗೆ, ನೀರು ಕಾದಾವ, ಬಚ್ಚಲದಾಗ ಬಕೀಟು ಇಟ್ಟೀನಿ ಅಂದರು. ಸಾಹೇಬರು, "ಇವತ್ತೊಂದಿನ ಕೊಡದಾಗ ಇಡು" ಅಂದರು.

ಮತ್ತೆ ನಿರೋಪ

ಮುಂದಿನ ಇಲೆಕ್ಷನ್ ಹೊತ್ತಿಗೆ ಸಾಹೇಬರೂ ಬಕೀಟಿನವರೂ ಒಂದಾದರು. ಟಿಕೇಟು ಮರಳಿ ಬಂತು. ನಾನು ನಾಂದೇಡದಲ್ಲಿ ಒಂದು ಟ್ಯಾಂಕರಿಗೆ ಹುಲಿ ಬರೆಯುತ್ತಿದ್ದೆ, ನಿರೋಪ ಬಂತು. ಎರಡು ತಾಲೂಕಿನ ಗೋಡೆ, ಇಡೀ ಬೇಸಿಗೆಯ ಕೆಲಸ. ಡಬ್ಬಿ, ಬ್ರಶ್ಶು, ಹೊಸ ಆಯಿಲ್ ಪೇಂಟು ಕಟ್ಟಿಕೊಂಡು ಓಡಿ ಬಂದೆ.

ಸಾಹೇಬರು ನನ್ನನ್ನು ಜೀಪಿನಲ್ಲಿ ಹತ್ತಿಸಿಕೊಂಡು ಮೊದಲು ಘಾಟಬೋರಾಳಕ್ಕೇ ಕರೆದೊಯ್ದರು. ಕಾಕಾ ಗೋಡೆಯ ಮುಂದೆ ನಿಂತಿದ್ದ. ಎಮ್ಮೆಗೆ ಕುಡಿಸಿ ಉಳಿದ ನೀರನ್ನು ಬೀಸಿ ಗೋಡೆಗೆ ಎರಚಿದ, ಕಸಬರಿಗೆಯಿಂದ ತಿಕ್ಕಿದ. ಉಳಿದಿದ್ದ ಸುಣ್ಣವೂ ಅದರ ಮೇಲಿನ ಹೊಲಿಗೆ ಮಷೀನೂ ಜಾರಿ ಕೆಳಗೆ ಬಿದ್ದವು. ಒಳಗಿಂದ ಸಾಹೇಬರ ಹೆಸರು, ನನ್ನ ಬಕೀಟು, ನಿನ್ನೆ ಬರೆದ ಹಾಗೆ ಹೊಳೆದವು.

"ಪೇಂಟರ್ ಯಾತಕ್ಕ ಬೇಕಿತ್ರಿ ಸಾಹೇಬ್ರ" ಅಂದ ಕಾಕಾ, "ಗ್ವಾಡಿಗೊಂದು ಬಕೀಟು ನೀರು ಸಾಕು."

ಸಾಹೇಬರು ನನ್ನ ಕಡೆ ನೋಡಿದರು, ನಾನು ನನ್ನ ಹೊಸ ಪೇಂಟಿನ ಡಬ್ಬಿ ನೋಡಿದೆ. ಸಾಹೇಬರು ಹೊರಸಿನ ಮೇಲೆ ಕೂತು, ಟೋಪಿ ತೆಗೆದು ಪಕ್ಕಕ್ಕಿಟ್ಟರು. ಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು.

"ಇದ ನಂದು ಕಡೀ ಇಲೆಕ್ಷನ್" ಅಂದರು. ಆಮೇಲೆ ದನಿ ತಗ್ಗಿಸಿ, ನನಗಷ್ಟೇ ಕೇಳುವ ಹಾಗೆ ಹೇಳಿದರು: "ಉಳಿದವರದು ದೇವರಿಗಿ ಗೊತ್ತು. ಈ ಸಲ ನಂದೊಂದು ವೋಟಂತೂ ಪಕ್ಕಾ."

ನಾನು ಬ್ರಶ್ಶುಗಳನ್ನು ಅರಿವೆಯಲ್ಲಿ ಸುತ್ತಿದೆ, ಡಬ್ಬಿಯ ಮುಚ್ಚಳ ಗುದ್ದಿ ಕೂಡಿಸಿದೆ, ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದೆ. ರಸ್ತೆಯಲ್ಲಿ ಒಂದು ಲಾರಿ ಬರುತ್ತಿತ್ತು. ಯಾವ ಊರಿನದೋ ಗೊತ್ತಿಲ್ಲ, ಮೈಮೇಲೆ ಎಲ್ಲೂ ನವಿಲಿರಲಿಲ್ಲ.

"ಮತ್ತ ಎಲ್ಲಿಗಿ ಹೊಂಟಿಯೋ?" ಸಾಹೇಬರು ಕೂತಲ್ಲಿಂದಲೇ ಕೇಳಿದರು.

ಲಾರಿಗೆ ಕೈ ಮಾಡುತ್ತ ಹೇಳಿದೆ: "ಪರಿಶೀಲನೆಯಾಗ ಅದರಿ."