ಐದನೇ ನಂಬರಿನ ಗಾಳ

ದಿನಕ್ಕೆ ಒಂದು ಗಂಟೆಯಾದರೂ ಯಾರ ಮಾತೂ ಕಿವಿಗೆ ಬೀಳದ ಜಾಗದಲ್ಲಿ ಇರದಿದ್ದರೆ ತಲೆನೋವಿನ ಮಾತ್ರೆ ಜಾಸ್ತಿ ಮಾಡಬೇಕಾಗುತ್ತದೆ ಎಂದು ಡಾಕ್ಟರು ರೆಕಾರ್ಡ್ ಗುಮಾಸ್ತನಿಗೆ ಹೇಳಿದ್ದೇ ಈ ರಾಮಾಯಣಕ್ಕೆಲ್ಲ ಮೂಲ. ಅಂಥ ಜಾಗ ಎಲ್ಲಿದೆ ಎಂಬುದನ್ನು ಮಾತ್ರ ಅವರು ಚೀಟಿಯಲ್ಲಿ ಬರೆದುಕೊಡಲಿಲ್ಲ.

ಕಚೇರಿಯಲ್ಲಿ ಅವನ ಮೇಜು ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಲ್ಲಿತ್ತು. ಬಾಯಾರಿಕೆಯ ನೆಪದಲ್ಲಿ ಇಡೀ ಕಚೇರಿ ಅಲ್ಲಿಗೇ ಬಂದು ಹರಟುತ್ತಿತ್ತು. ಮನೆಯಿದ್ದದ್ದು ಮೊದಲನೇ ಮಹಡಿಯಲ್ಲಿ. ಕೆಳಗೆ ದರ್ಜಿಯ ಅಂಗಡಿ, ಎದುರು ಬಾಗಿಲಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು. ಮೇಷ್ಟ್ರು ಉಪ್ಪು ಕೇಳಿದರೂ ಮೈದಾನದ ಆಚೆ ತುದಿಯ ಹುಡುಗರು ನೆಟ್ಟಗೆ ನಿಲ್ಲುವಂತಿರುತ್ತಿತ್ತು.

ಹೀಗಿರುವಾಗ ಕ್ಷೌರದ ಅಂಗಡಿಯ ಹಳೇ ಪತ್ರಿಕೆಯೊಂದರಲ್ಲಿ ಅವನಿಗೊಂದು ಚಿತ್ರ ಸಿಕ್ಕಿತು. ನದಿಯ ನಡುವೆ ಸೊಂಟದವರೆಗೆ ನೀರು, ಅದರಲ್ಲಿ ಒಬ್ಬನೇ ಒಬ್ಬ ಮನುಷ್ಯ, ಕೈಯಲ್ಲೊಂದು ಕೋಲು. ಸುತ್ತ ನರಪಿಳ್ಳೆಯೂ ಇಲ್ಲ. ಇದಕ್ಕೆ ಫ್ಲೈ ಫಿಶಿಂಗ್ ಎನ್ನುತ್ತಾರೆ, ಎರೆಹುಳು ಚುಚ್ಚುವ ಗಾಳವಲ್ಲ, ಪುಕ್ಕದಿಂದ ಕಟ್ಟಿದ ಸುಳ್ಳು ನೊಣವನ್ನು ಉದ್ದನೆಯ ದಾರದಲ್ಲಿ ನೀರಿನ ಮೇಲೆ ಇಳಿಸುವ ವಿದ್ಯೆ, ಅಕ್ಕಪಕ್ಕ ಗದ್ದಲವಿದ್ದರೆ ಮೀನು ಹತ್ತಿರ ಸುಳಿಯುವುದಿಲ್ಲ ಎಂದು ಕೆಳಗೆ ಬರೆದಿತ್ತು. ಗುಮಾಸ್ತನ ಕಣ್ಣಲ್ಲಿ ನೀರು ಬಂತು. ಗದ್ದಲವನ್ನು ಕಾನೂನಿನಂತೆ ನಿಷೇಧಿಸಿದ ಲೋಕವೂ ಒಂದಿದೆಯಲ್ಲ!

ಮುಂದಿನ ಹದಿನೈದು ದಿನ ಅವನು ಮೌನದ ಮಹಿಮೆಯನ್ನು ಹೆಂಡತಿಗೆ ವಿವರಿಸಿದ. ಅವಳು ಒಗ್ಗರಣೆ ಹಾಕುವಾಗ ವಿವರಿಸಿದ, ಬಟ್ಟೆ ಮಡಚುವಾಗ ವಿವರಿಸಿದ, ಬಚ್ಚಲ ಬಾಗಿಲ ಆಚೆ ನಿಂತೂ ವಿವರಿಸಿದ. ಆಕೆ ಪಾಪ, "ಹ್ಞೂಂ ರೀ" ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ.

ಶನಿವಾರ ಸಂಜೆ ಅವನು ಮಾಡಬಾರದ ಕೆಲಸವೊಂದನ್ನು ಮಾಡಿದ. ಗಾಳದ ಸಾಮಾನು ಎಲ್ಲಿ ಸಿಗುತ್ತದೆ ಎಂದು ದರ್ಜಿಯನ್ನು ಕೇಳಿಬಿಟ್ಟ. ಭಾನುವಾರ ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ದರ್ಜಿ, ಡ್ರಿಲ್ ಮೇಷ್ಟ್ರು ಮತ್ತು ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದ ಭಾವಮೈದುನ ಮೂವರೂ ಚಪ್ಪಲಿ ಮೆಟ್ಟಿಕೊಂಡು ತಯಾರಾಗಿ ನಿಂತಿದ್ದರು.

"ನೀವೊಬ್ರೇ ಹೋದ್ರೆ ಟೋಪಿ ಹಾಕ್ಬಿಡ್ತಾರೆ ಭಾವ," ಎಂದ ಭಾವಮೈದುನ.

"ನಡೀರಿ, ಎಡಗಾಲು ಮುಂದೆ!" ಎಂದರು ಮೇಷ್ಟ್ರು.

ಗಾಳದಂಗಡಿಯವನು ಮೆತ್ತಗಿನ ಮನುಷ್ಯ. ಮಾತಾಡಿದರೆ ಮೀನು ಓಡಿಹೋದೀತು ಎಂದು ಅಂಗಡಿಯಲ್ಲೂ ಹೆದರುವವನಂತೆ ಪಿಸುಗುಟ್ಟುತ್ತಿದ್ದ. ಗುಮಾಸ್ತನ ಮುಂದೆ ಒಂದು ಉದ್ದನೆಯ ಪೆಟ್ಟಿಗೆ ಇಟ್ಟ. "ಹೊಸಬರಿಗೆ ಇದು ಸಾಕು ಸಾರ್. ಒಂಬತ್ತಡಿ ಕೋಲು, ಐದನೇ ನಂಬರು. ದಾರಾನೂ ಐದೇ. ರೀಲು, ನಾಲ್ಕಾರು ನೊಣ ಎಲ್ಲ ಒಳಗಿದೆ. ಈ ಆಟದಲ್ಲಿ ನೊಣಕ್ಕೆ ತೂಕ ಇರಲ್ಲ, ದಾರದ ತೂಕದಿಂದ್ಲೇ ಎಸೀಬೇಕು. ಅದಕ್ಕೇ ಕೋಲಿಗೂ ದಾರಕ್ಕೂ ನಂಬರು ಹೊಂದ್ಬೇಕು."

ಗುಮಾಸ್ತನ ಕೈ ಪೆಟ್ಟಿಗೆಯತ್ತ ಹೋಯಿತು. ಮೇಷ್ಟ್ರು ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟರು.

"ಇದೇನ್ರೀ ಇದು, ಹಲ್ಲು ಚುಚ್ಚೋ ಕಡ್ಡಿ! ಗಂಡಸರು ಹಿಡಿಯೋ ಅಂಥದ್ದು ತೆಗೀರಿ." ಗೋಡೆಯಿಂದ ಅವರೇ ಇಳಿಸಿದ್ದು ಸಮುದ್ರದ ಮೀನಿಗೆಂದು ಇಟ್ಟಿದ್ದ ಹತ್ತನೇ ನಂಬರಿನ ಕೋಲು.

"ನೂಲಿನ ವಿಷಯ ನನಗೆ ಬಿಡಿ," ಎಂದ ದರ್ಜಿ. ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಉಜ್ಜಿ ನೋಡಿ, ಎಲ್ಲಕ್ಕಿಂತ ನಾಜೂಕಾದ ಮೂರನೇ ನಂಬರನ್ನು ಎತ್ತಿಕೊಂಡ. "ನಲವತ್ತು ವರ್ಷದ ಅನುಭವ ಇದು. ದಪ್ಪ ದಾರ ಹಾಕಿದ್ರೆ ಕೆಲಸ ಒರಟು."

ಭಾವಮೈದುನ ಮೂರು ರೀಲುಗಳನ್ನು ಕಿವಿಯ ಹತ್ತಿರ ಗಿರಗಿರ ತಿರುಗಿಸಿ, ಬೇರಿಂಗ್ ಸರಿಯಿರುವುದು ಇದೊಂದರಲ್ಲೇ ಎಂದು ಕುಂಬಳಕಾಯಿ ಗಾತ್ರದ್ದನ್ನು ಆರಿಸಿದ.

"ಸಾರ್, ನಂಬರು..." ಎಂದು ಅಂಗಡಿಯವನು ಪಿಸುಗುಟ್ಟಿದ.

"ಸೆಟ್ಟು ಮಾರೋದಕ್ಕೆ ಇವರು ಹೀಗೇ ಹೇಳೋದು!" ಎಂದು ಮೂವರೂ ಒಟ್ಟಿಗೆ ಅಂದರು. ಅವರ ನಡುವೆ ಒಮ್ಮತ ಮೂಡಿದ ಗಳಿಗೆ ಅದೊಂದೇ. ಗುಮಾಸ್ತನಿಗೆ ತಲೆಯಲ್ಲಿ ಧಿಮಿಧಿಮಿ ಶುರುವಾಗಿತ್ತು. ಬೇಗ ಮುಗಿದರೆ ಸಾಕೆಂದು ಎಲ್ಲಕ್ಕೂ ತಲೆಯಾಡಿಸಿದ.

ಕೊನೆಗೆ ನೀರಿಗಿಳಿಯಲು ಎದೆಯವರೆಗೆ ಬರುವ ರಬ್ಬರ್ ಷರಾಯಿ. ಅದು ಸೊಂಟದಲ್ಲಿ ಸ್ವಲ್ಪ ಸಡಿಲವಾಗಿತ್ತು. ಇಂಥ ಅನ್ಯಾಯ ದರ್ಜಿಗೆ ನೋಡಲಾಗಲಿಲ್ಲ. "ಹೀಗೆ ಹಾಕ್ಕೊಂಡು ಹೋದ್ರೆ ನನ್ನ ಮಾನ ಏನಾಗ್ಬೇಕು? ನಾಲ್ಕು ಹೊಲಿಗೆ ಅಷ್ಟೇ," ಎಂದು ದಾರಿಯಲ್ಲಿ ತನ್ನ ಅಂಗಡಿಗೆ ಕರೆದೊಯ್ದು, ಮಿಷನ್ನಿಗೆ ಕೊಟ್ಟು, ಎರಡೂ ಪಕ್ಕ ಕಂಕುಳಿಂದ ತೊಡೆಯವರೆಗೆ ಒಳಕ್ಕೆ ಹಿಡಿದು ಹೊಲಿದ. ಹೊಲಿಗೆ ನಿಜಕ್ಕೂ ಅಂದವಾಗಿತ್ತು. ಗುಮಾಸ್ತ ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ ಎಂದುಕೊಂಡ.

ಅಭ್ಯಾಸಕ್ಕೆ ಉದ್ಯಾನದ ಕೊಳ. ಗುಮಾಸ್ತ ಸೊಂಟದವರೆಗೆ ಇಳಿದ. ಮೂವರು ದಡದಲ್ಲಿ ನಿಂತರು.

"ಒಂದು, ಎರಡು, ಬೀಸಿ!"

ಬೀಸಿದ. ಹತ್ತನೇ ನಂಬರಿನ ಕೋಲು ಮೂರನೇ ನಂಬರಿನ ದಾರಕ್ಕೆ ಒಂದಿಷ್ಟೂ ಬಾಗಲಿಲ್ಲ. ಧ್ವಜಸ್ತಂಭಕ್ಕೆ ಕಟ್ಟಿದ ಲಾಡಿಯಂತೆ ದಾರ ಅವನ ಕಾಲಬುಡಕ್ಕೇ ಬಿತ್ತು.

"ಮೊಣಕೈ ಎತ್ತಿ!" ಎಂದರು ಮೇಷ್ಟ್ರು. "ಮಣಿಕಟ್ಟು ಸಡಿಲ ಬಿಡಿ!" ಎಂದ ದರ್ಜಿ. "ರೀಲು ಬಿಗಿ ಮಾಡಿ ಭಾವ!" ಎಂದ ಭಾವಮೈದುನ. ಮೂರನ್ನೂ ಒಟ್ಟಿಗೆ ಮಾಡಲು ಹೋಗಿ ಅವನು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆ ಬೀಸಿದ. ನೊಣದ ಕೊಕ್ಕೆ ಹಾರಿಹೋಗಿ ಮೇಷ್ಟ್ರ ಟೊಪ್ಪಿಗೆ ಕಚ್ಚಿತು. ಮುಂದಕ್ಕೆ ಬೀಸಿದಾಗ ಟೊಪ್ಪಿಯೂ ಕೊಳಕ್ಕೆ ಬಂತು. ಹದಿನೈದು ವರ್ಷದಿಂದ ಆ ಟೊಪ್ಪಿಯ ಕೆಳಗೇನಿದೆ ಎಂದು ಬೀದಿಗೆ ಇದ್ದ ಅನುಮಾನ ಆಗ ಬಗೆಹರಿಯಿತು. ಏನೂ ಇರಲಿಲ್ಲ.

ಅಷ್ಟರಲ್ಲಿ ಗುಮಾಸ್ತನಿಗೆ ತೊಡೆಯ ಬಳಿ ತಣ್ಣಗಾಯಿತು. ದರ್ಜಿಯ ಅಂದದ ಹೊಲಿಗೆಯ ಒಂದೊಂದು ತೂತಿನಿಂದಲೂ ಕೊಳ ಒಳಕ್ಕೆ ಬರುತ್ತಿತ್ತು. ಷರಾಯಿ ಊದಿಕೊಂಡಿತು, ಕಾಲು ಕೀಳಲಾಗಲಿಲ್ಲ. ಮೂವರು ಸೇರಿ ಅವನನ್ನು ದಡಕ್ಕೆಳೆದು, ತಲೆಕೆಳಗು ಮಾಡಿ ನೀರು ಬಸಿಯಬೇಕಾಯಿತು.

"ನಿಮ್ಮ ಹೊಲಿಗೆಯಿಂದ್ಲೇ ಆಗಿದ್ದು!"

"ನಿಮ್ಮ ಕೋಲಿಂದ ಸ್ವಾಮಿ!"

"ಇಬ್ರೂ ಸುಮ್ನಿರಿ, ರೀಲೊಂದು ಸರಿಯಾಗಿತ್ತು!"

ಅವರ ಜಗಳ ಕಾವೇರುತ್ತಿದ್ದಂತೆ ಗುಮಾಸ್ತ ಸಾಮಾನು ಎತ್ತಿಕೊಂಡು ಪೊದೆಗಳ ಮರೆಯಲ್ಲಿ ಜಾರಿಕೊಂಡ. ಒದ್ದೆ ಬಟ್ಟೆಯಲ್ಲೇ ನೇರ ಅಂಗಡಿಗೆ ಬಂದ.

ಅಂಗಡಿಯವನು ಬೆಳಗಿನ ಸಾಮಾನನ್ನು ಒಳಗಿಟ್ಟು ಐದನೇ ನಂಬರಿನ ಪೆಟ್ಟಿಗೆಯನ್ನೂ ಹೊಲಿಗೆಯಿಲ್ಲದ ಷರಾಯಿಯನ್ನೂ ಮುಂದಿಟ್ಟ. ಆಮೇಲೆ ಅತ್ತಿತ್ತ ನೋಡಿ ಪಿಸುಗುಟ್ಟಿದ. "ಸಾರ್, ನಿಮಗೆ ಮಾತ್ರ ಹೇಳ್ತೀನಿ. ಹಳೇ ಗಿರಣಿ ದಾಟಿದ ಮೇಲೆ ನದಿ ತಿರುಗುತ್ತಲ್ಲ, ಅಲ್ಲಿಗೆ ಹೋಗಿ. ಯಾರೂ ಇರಲ್ಲ."

ಮಧ್ಯಾಹ್ನ ಮೂರಕ್ಕೆ ಗುಮಾಸ್ತ ಅಲ್ಲಿದ್ದ. ಯಾರೂ ಇಲ್ಲವೆಂದೇನಲ್ಲ, ದೂರದಲ್ಲಿ, ಅಗಲ ಟೊಪ್ಪಿಯವರೊಬ್ಬರು ಅವನಿಗೆ ಬೆನ್ನು ಹಾಕಿ ನೀರಲ್ಲಿ ನಿಂತಿದ್ದರು. ಅವರ ದಾರ ಗಾಳಿಯಲ್ಲಿ ನಿಧಾನವಾಗಿ ಬಿಚ್ಚಿಕೊಂಡು ಸದ್ದಿಲ್ಲದೆ ನೀರಿಗಿಳಿಯುತ್ತಿತ್ತು. ಇಂಥವರ ಪಕ್ಕದಲ್ಲಿ ಜನ್ಮವಿಡೀ ನಿಲ್ಲಬಹುದು ಎಂದುಕೊಂಡ. ತಾನೂ ಇಳಿದು ಬೀಸಿದ. ಕೋಲು ಬಾಗಿತು, ದಾರ ಹೋಯಿತು, ನೊಣ ನೀರಿನ ಮೇಲೆ ಕೂತಿತು. ತಲೆಯ ಧಿಮಿಧಿಮಿ ನಿಂತಿತು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಸುಖವೆನಿಸಿತು.

"ಮೊಣಕೈ ಎತ್ತಿ!"

ದಡದಲ್ಲಿ ಡ್ರಿಲ್ ಮೇಷ್ಟ್ರು. ಬಗಲಲ್ಲಿ ಐದನೇ ನಂಬರಿನ ಪೆಟ್ಟಿಗೆ. ಗಿರಣಿಯ ಕಡೆಯಿಂದ ದರ್ಜಿ ಬರುತ್ತಿದ್ದ, ಇನ್ನೊಂದು ಕಡೆಯಿಂದ ಭಾವಮೈದುನ. ಅವರ ಕೈಯಲ್ಲೂ ಅದೇ ಪೆಟ್ಟಿಗೆ.

"ಇವರಿಬ್ಬರ ಕಾಟ ತಪ್ಪಿಸ್ಕೊಳ್ಳೋಣ ಅಂತ ಬಂದೆ ಕಣ್ರೀ," ಎಂದರು ಮೇಷ್ಟ್ರು. "ಅಂಗಡಿಯವನು ನನಗೆ ಮಾತ್ರ ಹೇಳಿದ್ದ ಜಾಗ."

"ನನಗೆ ಮಾತ್ರ ಹೇಳಿದ್ದು!" ಎಂದು ಉಳಿದಿಬ್ಬರೂ ಕೂಗಿದರು. ಜಗಳ ಕೊಳದ ಬಳಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು.

ಗುಮಾಸ್ತ ನಾಚಿಕೆಯಿಂದ ಅಗಲ ಟೊಪ್ಪಿಯವರತ್ತ ಕೈಮುಗಿದ. "ಕ್ಷಮಿಸಿ ಸಾರ್, ಇವರೆಲ್ಲ ನನ್ನಿಂದಾಗಿ ಬಂದವರು."

ಆ ವ್ಯಕ್ತಿ ನಿಧಾನವಾಗಿ ದಾರ ಸುತ್ತಿಕೊಂಡು ಇತ್ತ ತಿರುಗಿತು. ಅವನ ಹೆಂಡತಿ.

"ನೀನಾ? ಇಲ್ಲಿ? ಯಾವಾಗಿಂದ?"

"ಒಂದು ವರ್ಷ ಆಯ್ತು ರೀ," ಎಂದಳು ಆಕೆ. ಅಷ್ಟು ಮೆತ್ತಗೆ ಮಾತಾಡುವವಳು ತನ್ನ ಹೆಂಡತಿ ಎಂದು ಅವನಿಗೆ ಗೊತ್ತಿರಲಿಲ್ಲ. ಆಕೆಯ ಮಾತು ಮುಗಿಯುವವರೆಗೆ ಅವನು ಎಂದೂ ಕೇಳಿಸಿಕೊಂಡಿರಲಿಲ್ಲ. "ಅಕ್ಕನ ಮನೆಗೆ ಅಂತ ಹೇಳಿ ಬರ್ತಿದ್ದೆ. ನಿಮ್ಮ ಮಾತು ಕೇಳಿಸದೆ ಇರೋ ಜಾಗ ಅಂದ್ರೆ ಇದೊಂದೇ ಇತ್ತು ನನಗೆ."

ಆಕೆ ಕೋಲನ್ನು ಬಿಚ್ಚಿ ಚೀಲಕ್ಕೆ ಹಾಕಿ, ದಡ ಹತ್ತಿದಳು.

"ಎಲ್ಲಿಗೇ ಹೊರಟೆ?"

"ಬೇರೆ ನದಿ ಹುಡುಕೋಕೆ. ಯಾವುದು ಅಂತ ಕೇಳ್ಬೇಡಿ, ಹೇಳಲ್ಲ."

ತಿರುವಿನಾಚೆ ಆಕೆಯ ಅಗಲ ಟೊಪ್ಪಿ ಮರೆಯಾಯಿತು. ಗುಮಾಸ್ತ ನೀರಲ್ಲೇ ನಿಂತಿದ್ದ. ಅಷ್ಟರಲ್ಲಿ ಮೂವರೂ ಒಬ್ಬರ ಹಿಂದೊಬ್ಬರು ನದಿಗಿಳಿದು ಅವನ ಎಡಕ್ಕೊಬ್ಬರು, ಬಲಕ್ಕೊಬ್ಬರು, ಹಿಂದೊಬ್ಬರು ನಿಂತುಕೊಂಡರು.

"ಹೋಗ್ಲಿ ಬಿಡಿ," ಎಂದರು ಮೇಷ್ಟ್ರು ಗಂಟಲು ಸರಿಮಾಡಿಕೊಂಡು. "ಇನ್ನು ಪ್ರತಿ ಭಾನುವಾರ ನಾವು ನಾಲ್ವರೂ ಒಟ್ಟಿಗೇ ಬರೋಣ. ಒಬ್ಬರೇ ಆದ್ರೆ ನಿಮಗೂ ಬೇಜಾರು."