ಹೋದ ದೋಣಿ ತಿರುಗಿ ಬರಬೇಕು

ದೋಣಿಯ ಚಿತ್ರವನ್ನು ಭಾಸ್ಕರ ಸುಮ್ಮನೆ ಒಂದು ಮೂಲೆಯಲ್ಲಿ ನಿಲ್ಲಿಸಿಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಅವನು ಅದನ್ನು ಓಡಿಸಿದ.

ಅದು ಎರಡು ಸಾವಿರದ ಎರಡನೇ ಇಸವಿ. ಹೊನ್ನಾವರದ ಬಂದರಿನ ಹತ್ತಿರದ ಮೀನುಗಾರರ ಸಂಘಕ್ಕೆ ಹೊಸ ಕಂಪ್ಯೂಟರ್ ಬಂದಿತ್ತು. ಕಂಪ್ಯೂಟರ್ ಬಂದ ಮೇಲೆ ವೆಬ್‌ಸೈಟೂ ಇರಬೇಕೆಂದು ಅಧ್ಯಕ್ಷ ಜಟ್ಟಪ್ಪನವರಿಗೆ ಯಾರೋ ಕಿವಿಯೂದಿದ್ದರು. ಕುಮಟೆಯ ಕಂಪ್ಯೂಟರ್ ತರಗತಿಯಲ್ಲಿ ಗಂಟೆ ಲೆಕ್ಕದ ಮೇಲೆ ಪಾಠ ಹೇಳುತ್ತಿದ್ದ ಹೊಳನಗದ್ದೆಯ ಭಾಸ್ಕರನನ್ನು ಕರೆಸಿ, "ಚೆಂದಾಗಿ ಮಾಡಿಕೊಡು ತಮಾ. ಆಪರೇಟರ್ ಕೆಲ್ಸ ನಿಂಗೇಯ. ಖಾಯಂ!" ಎಂದಿದ್ದರು.

ಭಟ್ಕಳದ ಹತ್ತಿರದ ಬೆಳಕೆಯ ಚೌಡಪ್ಪ ತಮ್ಮ ಮಗಳು ಸುಚಿತಾಳನ್ನು ಭಾಸ್ಕರನಿಗೆ ಕೊಡಲು ಇಟ್ಟಿದ್ದ ಶರತ್ತೂ ಅದೊಂದೇ: ನೌಕರಿ ಖಾಯಂ ಆಗಬೇಕು. ಮೂವತ್ತು ದಾಟಿದ ಭಾಸ್ಕರನಿಗೆ ಆ ಶಬ್ದ ದೇವರ ಹೆಸರಿಗಿಂತ ಹೆಚ್ಚಾಗಿತ್ತು. ಉದ್ಘಾಟನೆಯ ದಿನ ತಾವೇ ಬಂದು ಕಣ್ಣಾರೆ ನೋಡಿ ಮಾತು ಮುಗಿಸುವುದಾಗಿ ಚೌಡಪ್ಪ ಹೇಳಿ ಕಳಿಸಿದ್ದರು.

ಹಾಗಾಗಿ ಭಾಸ್ಕರ ಜೀವ ತೇದು ಕೆಲಸ ಮಾಡಿದ್ದ. ಪುಟದ ಮೇಲಿನ ದೋಣಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಚುಕ್ಕೆ ಮುಂದೆ ತಳ್ಳು, ಮತ್ತೆ ತಳ್ಳು, ಎಂದು ಜಾವಾಸ್ಕ್ರಿಪ್ಟಿನಲ್ಲಿ ಬರೆದು ಬ್ರೌಸರಿಗೆ ಪಾಠ ಮಾಡಿದ್ದ. ದೋಣಿ ಪರದೆಯ ಎಡಗಡೆಯಿಂದ ಹೊರಟು, ತೇಲುತ್ತ ಹೋಗಿ, ಬಲಗಡೆಯ ಅಂಚಿನಲ್ಲಿ ಮರೆಯಾಗುತ್ತಿತ್ತು. ಆಮೇಲೆ ಪುನಃ ಎಡಗಡೆಯಿಂದಲೇ ಕಾಣಿಸಿಕೊಳ್ಳುತ್ತಿತ್ತು.

ಉದ್ಘಾಟನೆ ಸಂಜೆಗೆ. ಬೆಳಿಗ್ಗೆ ಸಂಘದವರೆಲ್ಲ ಕಚೇರಿಯಲ್ಲಿ ಸೇರಿದಾಗ ಅದನ್ನು ಮೊದಲು ನೋಡಿದವರು ಮಾಸ್ತಮ್ಮ. ಮೀನು ಮಾರುವ ಹೆಂಗಸರ ಪರವಾಗಿ ಆಡಳಿತ ಮಂಡಳಿಯಲ್ಲಿದ್ದವರು; ಬಾಯಿ ಜೋರು.

"ದೋಣಿ ಎಲ್ಲಿ ಹೋತು?"

"ಆ ಬದಿಗೆ ಹೋತು. ಈಗ ಈ ಬದಿಯಿಂದ ಬತ್ತದೆ, ನೋಡಿ."

"ಅತ್ಲಾಗೆ ಹೋದದ್ದು ಇತ್ಲಾಗಿಂದ ಹೆಂಗೆ ಬತ್ತದೆ? ಇದು ಬೇರೆ ದೋಣಿ. ನಾ ಕೇಳಿದ್ದು ಹೋದ ದೋಣಿ."

"ಅದೇಯ ಇದು, ಅಮ್ಮಾ."

"ಕಡ್ಲಿಗೆ ಹೋದ ದೋಣಿ ಹೋದ ದಾರೀಲೇ ತಿರುಗಿ ಬರೂದು. ಹೋಗೂದು ಹೋತು, ಬರೂದು ಕಾಣ್ಲಿಲ್ಲ ಅಂದ್ರೆ ಎಂತ ಅರ್ಥ ಅಂತ ನಿಂಗೆ ಗೊತ್ತಿಲ್ಲ, ತಮಾ."

ಯಾರೂ ನಗಲಿಲ್ಲ. ಕಡಲಿನಲ್ಲಿ ಒಬ್ಬರನ್ನಾದರೂ ಕಳೆದುಕೊಳ್ಳದ ಮನೆಯವನು ಆ ಕೋಣೆಯಲ್ಲಿ ಭಾಸ್ಕರನೊಬ್ಬನೇ. ಅವನಿಗೆ ನಾಚಿಕೆಯಾಯಿತು. ಕೂತು ತಿದ್ದಿದ. ದೋಣಿ ಅಂಚಿನವರೆಗೆ ಹೋಗಿ ವಾಪಸು ಬರತೊಡಗಿತು, ಆದರೆ ಹಿಂಭಾಗ ಮುಂದೆ ಮಾಡಿಕೊಂಡು.

"ಹಿಂದ್ಹಿಂದೆ ನಡೆಯೂ ದೋಣಿ ಎಲ್ಲಾದ್ರೂ ಕಂಡಿದ್ಯನಾ?" ಎಂದು ಜಟ್ಟಪ್ಪ ಹುಬ್ಬೇರಿಸಿದರು. "ಸಾಲ ಕೊಟ್ಟವ್ನ ಕಂಡವ್ರು ಹಂಗೆ ಸರಿಯೂದು."

ಭಾಸ್ಕರ ಚಿತ್ರವನ್ನು ಮಗುಚಿ ಇನ್ನೊಂದು ಮಾಡಿದ. ಈಗ ದೋಣಿ ಅಂಚಿನಲ್ಲಿ ಸರಿಯಾಗಿ ತಿರುಗಿತು.

"ಬರಿ ದೋಣಿ ಬಂತಲ್ಲ! ಇವತ್ತು ಒಳ್ಳೆ ದಿನ, ಬಂಗಡೆ ಮೀನು ತುಂಬ್ಸು" ಎಂದರು ಮಾಸ್ತಮ್ಮ. ಭಾಸ್ಕರ ಬಂಗಡೆ ತುಂಬಿದ. ಮೀನು ಬಂದದ್ದನ್ನು ಕಂಡ ಅಧ್ಯಕ್ಷರಿಗೆ ತಮ್ಮದೊಂದು ಫೋಟೋ ದೋಣಿಯ ಮೇಲಿರಲಿ ಅನ್ನಿಸಿತು. ಅದನ್ನು ಕಂಡ ಉಪಾಧ್ಯಕ್ಷ ಈರಪ್ಪನವರ ಮುಖ ಹುಳಿಯಾಯಿತು. ಹಿಂದಿನ ಚುನಾವಣೆಯಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಅವ್ರು ದೋಣಿ ಮೇಲೆ, ನಾವೆಲ್ಲಾ ನೀರೊಳ್ಗಾ?"

ಈರಪ್ಪನವರನ್ನು ದೋಣಿಯ ಹಿಂಭಾಗದಲ್ಲಿ ಹತ್ತಿಸಲಾಯಿತು. ದೋಣಿ ತಿರುಗಿದರೂ ಮುಖಗಳ ಫೋಟೋ ಮಗುಚುವಂತಿರಲಿಲ್ಲವಾದ್ದರಿಂದ ಅವನ್ನು ಇದ್ದಲ್ಲೇ ಬಿಟ್ಟು, ಹೋಗುವಾಗ ಅಧ್ಯಕ್ಷರು ಮುಂದೆ, ಬರುವಾಗ ಉಪಾಧ್ಯಕ್ಷರು ಮುಂದೆ ಎಂದಾಯಿತು. ನ್ಯಾಯ ಸರಿಹೋಯಿತೆಂದು ಭಾಸ್ಕರ ಉಸಿರು ಬಿಟ್ಟ.

"ಅಂದ್ರೆ, ಮೀನು ಬರೂ ಹೊತ್ತಿಗೆ ಅವ ಮುಂದೆಯಾ?" ಎಂದರು ಜಟ್ಟಪ್ಪ.

ಒಂದು ಗಂಟೆ ವಾದವಾಗಿ, ದೋಣಿ ಕಡಲಿಗೆ ಹೋಗುವಾಗಲೂ ಮೀನು ತುಂಬಿಕೊಂಡೇ ಹೋಗಬೇಕೆಂದು ತೀರ್ಮಾನವಾಯಿತು. ಹುಟ್ಟಿದಾಗಿನಿಂದ ಕಡಲು ಕಂಡವರು ಮಾಡಿದ ತೀರ್ಮಾನ ಅದು. ಭಾಸ್ಕರ ಊಟ ಬಿಟ್ಟು ಅದನ್ನೂ ಬರೆದ. ಬೈಯಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ಸುಚಿತಾಳ ಮುಖ ನೆನೆದು ನುಂಗಿಕೊಂಡ.

ಸಂಜೆ ಕಚೇರಿ ತುಂಬಿತು. ಕಾರವಾರದಿಂದ ಬಂದ ಮೀನುಗಾರಿಕೆ ಇಲಾಖೆಯ ಸಾಹೇಬರು ದೀಪ ಹಚ್ಚಿ, ಕಂಪ್ಯೂಟರಿನ ಗುಂಡಿ ಒತ್ತಿದರು. ಮುಂದಿನ ಸಾಲಿನಲ್ಲಿ ಚೌಡಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಕೂತಿದ್ದರು. ಪರದೆಯ ಮೇಲೆ ದೋಣಿ ಹೊರಟಿತು, ತಿರುಗಿತು, ಬಂತು. ಜನ ಹೋ ಎಂದರು.

ಸಾಹೇಬರು ಮಾತ್ರ ಕನ್ನಡಕದ ಮೇಲಿನಿಂದ ಭಾಸ್ಕರನ ಕೈ ನೋಡುತ್ತಿದ್ದರು. ಆ ಕೈ ಅಭ್ಯಾಸಬಲದಿಂದ ಮೌಸಿನ ಮೇಲಿತ್ತು.

"ನೀವೇ ಕೈಯಲ್ಲಿ ಎಳೀತಾ ಇದ್ದೀರಲ್ಲ? ಪರವಾಗಿಲ್ಲ, ಚೆನ್ನಾಗಿ ಎಳೀತೀರಿ" ಎಂದರು ಸಾಹೇಬರು.

ಬೆಳಗಿನಿಂದ ಎಲ್ಲರ ಮಾತನ್ನೂ ತಡೆದುಕೊಂಡಿದ್ದ ಭಾಸ್ಕರನಿಗೆ ಈ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಅದೂ ಮಾವನಾಗುವವರ ಎದುರಿಗೆ! ಥಟ್ಟನೆ ಎದ್ದು, ಎರಡೂ ಕೈ ಮೇಲೆತ್ತಿ ಗೋಡೆಯವರೆಗೆ ಹಿಂದೆ ಸರಿದ.

"ನೋಡಿ ಸಾರ್! ಯಾರೂ ಮುಟ್ಟೂದೇ ಬ್ಯಾಡ. ನಾ ಇಲ್ದಿದ್ರೂ ಓಡ್ತದೆ. ವರ್ಷಗಟ್ಲೆ ಓಡ್ತದೆ!"

ದೋಣಿ ತನ್ನಷ್ಟಕ್ಕೆ ಹೋಯಿತು, ಬಂತು. ಸಾಹೇಬರೇ ಎದ್ದು ಚಪ್ಪಾಳೆ ಹೊಡೆದರು. ಚೌಡಪ್ಪನವರೂ ಹೊಡೆದರು. ಭಾಸ್ಕರನ ಜೀವನದಲ್ಲಿ ಅಷ್ಟು ಸುಖದ ಗಳಿಗೆ ಹಿಂದೆ ಬಂದಿರಲಿಲ್ಲ.

ಅಧ್ಯಕ್ಷರು ಉಪಾಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಬೆಳಗಿನಿಂದ ಒಬ್ಬರ ಮಾತಿಗೊಬ್ಬರು ಒಪ್ಪದ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಜಟ್ಟಪ್ಪ ಮೈಕ್ ಹಿಡಿದರು.

"ಮಹಾಜನಗಳೇ, ಇದ್ನ ನಡ್ಸೂಕೆ ಒಬ್ಬ ಆಪರೇಟರ್ ಬೇಕು ಅಂತ ನಾವು ಖಾಯಂ ಹುದ್ದೆ ಮಾಡೂದು ಅಂತಿದ್ವಿ. ಈ ತಮ ಎಂತಾ ಬುದ್ಧಿವಂತ ಅಂದ್ರೆ, ಆ ಖರ್ಚೇ ಇಲ್ದಂಗೆ ಮಾಡ್ಕೊಟ್ಟ! ಯಾರೂ ಬ್ಯಾಡ, ಅದ್ರಷ್ಟಕ್ಕೆ ಓಡ್ತದೆ. ಆ ಹುದ್ದೆ ರದ್ದು ಅಂತ ಇಲ್ಲೇ ಠರಾವು ಮಾಡ್ತೆ."

"ನಂದೂ ಒಪ್ಪಿಗೆ" ಎಂದರು ಈರಪ್ಪ.

ಭಾಸ್ಕರನ ಕೈಗಳು ಇನ್ನೂ ಮೇಲೆಯೇ ಇದ್ದವು. ಹಾಗಾಗಿ ಸನ್ಮಾನದ ಶಾಲು ಹೊದೆಸುವುದು ಸುಲಭವಾಯಿತು. "ಅಧ್ಯಕ್ಷರೇ, ಅದು ಹಾಗಲ್ಲ, ಅದಕ್ಕೊಬ್ಬ..." ಎಂದು ಅವನು ಅಂದದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಚೌಡಪ್ಪ ಎದ್ದು ಹತ್ತಿರ ಬಂದರು. ಪರದೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಭಾಸ್ಕರನ ಶಾಲಿನ ಅಂಚನ್ನು ಬೆರಳಲ್ಲಿ ಮುಟ್ಟಿ, ಬಟ್ಟೆ ಹೇಗಿದೆಯೆಂದು ಪರೀಕ್ಷಿಸಿದರು.

"ಚಲೋ ಆತು, ತಮಾ. ಅಂತೂ ದೋಣಿಗಾದ್ರೂ ಖಾಯಂ ಆತಲ್ಲ" ಎಂದು ಹೇಳಿ, ಭಟ್ಕಳದ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದರು.