ಅರವತ್ಮೂರೂವರೆ ಅಡಿಯ ರಾಕ್ಷಸ

ಅಂಕಲಿಯಿಂದ ಕಾಗವಾಡದವರೆಗೆ ನನ್ನ ಟೇಪು ಹರಿಯದ ಹೊಲವಿಲ್ಲ! ಇಪ್ಪತ್ತಾರು ವರ್ಷ ಸರ್ವೇಯರ್ ಆಗಿ ದುಡಿದವನು ನಾನು. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಬದುವಿನಲ್ಲೂ ಒಂದು ಇಂಚು ಬಿಟ್ಟುಕೊಡದ ಧೀರ! ಅಂಥವನಿಗೆ ಆಟದಲ್ಲಿ ಅಳತೆ ಕಲಿಸಲು ಬಂದವನು ನನ್ನ ಹೆಂಡತಿಯ ತಮ್ಮ ಸಮ್ಮೇದ.

ಎರಡು ಸಾವಿರದ ಹದಿನಾಲ್ಕರ ದೀಪಾವಳಿ. ಸಾಂಗ್ಲಿಯ ಕಾಲೇಜಿನಲ್ಲಿ ಪಾಠ ಹೇಳುವ ಸಮ್ಮೇದ ಅಕ್ಕನ ಮನೆಗೆ ಬರುವಾಗ ಚೀಲದ ತುಂಬ ಇಪ್ಪತ್ತು ಮುಖದ ಬಣ್ಣದ ದಾಳ ತಂದಿದ್ದ. ಆಟ ಹೀಗೆ: ಅವನು ಕಥೆ ಹೇಳುತ್ತಾನೆ, ನಾವು ಅದರೊಳಗಿನ ವೀರರಾಗುತ್ತೇವೆ, ಏಟು ಬಿತ್ತೋ ಇಲ್ಲವೋ ದಾಳ ಹೇಳುತ್ತದೆ. ನಮ್ಮ ಪಡಸಾಲೆಯ ಒಂದಡಿ ಚೌಕದ ಟೈಲ್ಸೇ ರಣರಂಗ. ನೀರು ತುಂಬಿದ ತಂಬಿಗೆ ರಾಕ್ಷಸ. ನನ್ನ ಕನ್ನಡಕದ ಡಬ್ಬಿ ಬಿಲ್ಲುಗಾರ, ಅಂದರೆ ನಾನು. ಗದೆ ಹಿಡಿದ ಯೋಧೆ ನನ್ನ ಹೆಂಡತಿ ಲಕ್ಷ್ಮಿಬಾಯಿ. ಅವಳ ಕಾಯಿ ಒಂದು ಸೌಟು.

"ದಾಜೀ, ಒಂದ್ ಟೈಲ್ಸ್ ಅಂದ್ರ ಐದ್ ಅಡಿ. ನಿಮ್ಮ ಬಾಣ ಅರವತ್ತ ಅಡಿ ತನಕ ಹೋಗತೈತಿ. ರಾಕ್ಷಸನ ಬೆಂಕೀನೂ ಅರವತ್ತ," ಎಂದ ಸಮ್ಮೇದ. ಅಕ್ಕನ ಗಂಡನೆಂದು ನಾನು ಅವನಿಗೆ ದಾಜಿ.

"ದೂರದಿಂದಲೇ ಮುಗಿಸ್ತೀನಿ ನೋಡಲೇ! ಹತ್ರ ಹೋಗಾಂವ ಮೂರ್ಖ," ಎಂದು ಮೀಸೆ ತಿರುವಿದೆ.

"ಆಟ ಆಡ್ರಿ, ಬ್ಯಾಡನ್ನೂದಿಲ್ಲ," ಎಂದಳು ಲಕ್ಷ್ಮಿಬಾಯಿ. "ಹೊತ್ತು ಮುಳುಗೂದ್ರಾಗ ಉಣ್ಣಾಕ ಏಳಬೇಕು. ಹೋಳಿಗಿ ಮಾಡೀನಿ."

ಇಲ್ಲಿ ನನ್ನ ಇನ್ನೊಂದು ಶೌರ್ಯವನ್ನು ಹೇಳಲೇಬೇಕು. ಆ ಸಲದ ಚಾತುರ್ಮಾಸದಲ್ಲಿ ಮುನಿಮಹಾರಾಜರ ಎದುರು, ತುಂಬಿದ ಸಭೆಯಲ್ಲಿ ಎದ್ದು ನಿಂತು, ಹೊತ್ತು ಮುಳುಗಿದ ಮೇಲೆ ಮರುದಿನ ಹೊತ್ತು ಮೂಡುವ ತನಕ ಅನ್ನ-ನೀರು ಮುಟ್ಟುವುದಿಲ್ಲ ಎಂದು ವ್ರತ ತೊಟ್ಟಿದ್ದೆ. ಮೆಲ್ಲಗೆ ಹೇಳಿದ್ದರೆ ಸಾಕಿತ್ತು. ನಾನು ಮೈಕಿನಲ್ಲಿ ಹೇಳಿದ್ದೆ!

ನಾಲ್ಕು ಗಂಟೆಗೆ ಯುದ್ಧ ಶುರುವಾಯಿತು. ನಾನು ಬಾಗಿಲ ಮೂಲೆ ಹಿಡಿದೆ. ತಂಬಿಗೆ ಅಡುಗೆಮನೆಯ ಮೂಲೆಯಲ್ಲಿ. ಮೊದಲ ಸರದಿ ರಾಕ್ಷಸನದು. ಸಮ್ಮೇದ ಮೂಲೆಯಿಂದ ಮೂಲೆಗೆ ಟೈಲ್ಸ್ ಎಣಿಸಿದ.

"ಒಂಬತ್ತ ಟೈಲ್ಸ್. ನಲವತ್ತೈದ ಅಡಿ. ಬೆಂಕಿ ಮುಟ್ಟತು ದಾಜಿ, ಅರ್ಧ ಸುಟ್ರಿ!"

"ತಡಿಯಲೇ! ಮೂಲಿಯಿಂದ ಮೂಲಿಗೆ ಹ್ವಾದ್ರ ಟೈಲ್ಸ್ ಉದ್ದ ಆಗತೈತಿ. ಅದು ಕರ್ಣ!"

"ಆಟದಾಗ ಹ್ಯಾಂಗ ಹ್ವಾದ್ರೂ ಒಂದ್ ಟೈಲ್ಸ್ ಅಂದ್ರ ಒಂದ ರೀ."

"ನಿನ್ನ ಆಟದಾಗ ಇರಬಹುದು. ನನ್ನ ಪಡಸಾಲ್ಯಾಗ ನಡಿಯೂದಿಲ್ಲ!"

ಕಚೇರಿಯ ಟೇಪು ಹೊರಬಂತು. ನಡುವೆ ಟೀಪಾಯಿ ಅಡ್ಡ. ಎಳೆದೆ. ಅದರ ಮೇಲಿದ್ದ ಫರಾಳದ ತಾಟು ಮಗುಚಿ ಚಕ್ಕುಲಿಗಳೆಲ್ಲ ರಣರಂಗದಲ್ಲಿ ಹತವಾದವು. ದಿವಾನ ಮಂಚ ಸರಿಸಿದೆ, ಅದರ ಕಾಲು ನನ್ನ ಹೆಬ್ಬೆರಳ ಮೇಲೆ ಕೂತಿತು. ಕುಂಟುತ್ತಲೇ ಟೇಪು ಎಳೆದೆ. ತಂಬಿಗೆಯ ಹೊಟ್ಟೆಯಿಂದ ಅಳೆಯಬೇಕೋ ಕಂಠದಿಂದಲೋ ಎಂದು ಅರ್ಧ ತಾಸು ವಾದ. ಕೈ ಜಾರಿ ಟೇಪು ಸುರುಳಿಗೆ ಮರಳುವಾಗ ರಾಕ್ಷಸನಿಗೇ ಬಡಿದು ಪಡಸಾಲೆಯಲ್ಲೆಲ್ಲ ನೀರು!

"ಸತ್ತ!" ಎಂದೆ.

"ಟೇಪಿನ ಏಟು ಆಟದಾಗ ಇಲ್ರಿ," ಎಂದು ಸಮ್ಮೇದ ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ.

"ಏನ್ರೀ, ಐದೂವರಿ ಆತು," ಒಳಗಿನಿಂದ ಕೂಗು. ತುಪ್ಪದ ವಾಸನೆಯೂ ಬಂತು.

"ಸರ್ಕಾರಿ ಕೆಲಸ ನಡದೈತಿ!" ಎಂದು ಗದರಿದೆ.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಸಾಕ್ಷಿಗೆ ಪಂಚರಿಲ್ಲದ ಅಳತೆ ನಾಳೆ ತಕರಾರಿಗೆ ಬೀಳುತ್ತದೆ! ಬಾಜು ಮನೆಯ ಭೂಪಾಲನನ್ನೂ ಎದುರು ಮನೆಯ ಸುಂದ್ರವ್ವನನ್ನೂ ನಾನೇ ಹೋಗಿ ಕರೆತಂದೆ. ರಾಕ್ಷಸನ ಮೂಡಣಕ್ಕೆ ಅಡುಗೆಮನೆ, ಪಡುವಣಕ್ಕೆ ಟಿ.ವಿ. ಎಂದು ಚಕಬಂದಿ ಸಮೇತ ಪಂಚನಾಮೆ ಬರೆಯತೊಡಗಿದೆ.

"ತಂಬಗಿಗೆ ಪಂಚನಾಮೆ? ಆರಾಮ ಅದೀರಿಲ್ಲೋ?" ಎಂದ ಭೂಪಾಲ.

"ನೀ ಸಹಿ ಮಾಡು. ಟೈಲ್ಸಿನ ನಡುವಿಂದ ನಡುವಿಗೆ ಹನ್ನೆರಡು ಅಡಿ ಎಂಟೂವರಿ ಇಂಚು. ಐದರಿಂದ ಗುಣಿಸಿದ್ರ ಅರವತ್ಮೂರೂವರಿ ಅಡಿ. ಬೆಂಕಿ ಹೋಗೂದು ಅರವತ್ತ. ನಾ ಸುಟ್ಟಿಲ್ಲ!"

ಸಮ್ಮೇದ ಕೈಮುಗಿದ. "ಒಪ್ಪಿದೆ ದಾಜಿ. ನೀವು ಸುಟ್ಟಿಲ್ಲ."

ಜಯಭೇರಿ! ಎದೆಯುಬ್ಬಿಸಿ ದಾಳ ಎತ್ತಿದೆ. "ಈಗ ನನ್ನ ಬಾಣ. ತಗೋ!"

"ಬಾಣ ಹೋಗೂದೂ ಅರವತ್ತ ಅಡಿ ರೀ," ಎಂದ ಅವನು ಮೆಲ್ಲಗೆ. "ಪಂಚನಾಮೆದಾಗ ಅರವತ್ಮೂರೂವರಿ ಐತಿ. ಸಹಿನೂ ಆಗೇತಿ."

ಸುಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಮೂರೂವರೆ ಅಡಿಗಾಗಿ ಒಂದು ಹೆಜ್ಜೆ ಮುಂದಿಡೋಣವೆಂದು ಡಬ್ಬಿಗೆ ಕೈ ಹಾಕಿದೆ.

"ಅದೆಲ್ಲ ಬ್ಯಾಡ್ರಿ," ಎನ್ನುತ್ತ ಲಕ್ಷ್ಮಿಬಾಯಿ ಬಾಯಿ ಒರೆಸಿಕೊಳ್ಳುತ್ತ ಹೊರಬಂದಳು. "ನೀವು ಭೂಪಾಲಣ್ಣಾರ ಮನಿಗೆ ಹೋದಾಗ ನಾ ಸೌಟು ತಂಬಗಿ ಬಾಜುಕ ಇಟ್ಟು ಗದಾ ಬೀಸೀನಿ. ದಾಳದಾಗ ಇಪ್ಪತ್ತಕ್ಕ ಇಪ್ಪತ್ತ ಬಿತ್ತು. ರಾಕ್ಷಸ ಆಗಲೇ ಸತ್ತಾನ."

"ಸತ್ತಾನ? ಮತ್ತ ಇಷ್ಟೊತ್ತು ಯಾಕ ಹೇಳಲಿಲ್ಲಲೇ ಸಮ್ಮೇದ?"

"ನೀವು ಹೆಣಾ ಅಳ್ಯಾಕತ್ತಿದ್ರಿ. ನಡುವ ಬಾಯಿ ಹಾಕಬಾರದಂತ ಸುಮ್ಮನಾದೆ. ನಾವಿಬ್ರೂ ಸರದಿ ಮ್ಯಾಲೆ ಒಳಗ ಹೋಗಿ ಉಂಡ್ವಿ."

ಉಂಡರು! ಕಿಟಕಿಯತ್ತ ತಿರುಗಿದೆ. ಕಬ್ಬಿನ ಗದ್ದೆಯಾಚೆ ಕೆಂಪು ಕೂಡ ಉಳಿದಿರಲಿಲ್ಲ. ಮೈಕಿನಲ್ಲಿ ತೊಟ್ಟ ವ್ರತ ನೆನಪಾಯಿತು. ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಜೈಕಾರ ಹಾಕಿದ್ದ ಭೂಪಾಲ ಎದುರಿಗೇ ನಿಂತಿದ್ದ!

ಲಕ್ಷ್ಮಿಬಾಯಿಗೆ ಒಂದಿಷ್ಟು ಕನಿಕರ ಬಂದಿರಬೇಕು. ನಾಲ್ಕು ಹೋಳಿಗೆಯ ತಾಟನ್ನು ತಂದು ಸ್ಟೂಲಿನ ಮೇಲಿಟ್ಟು ಮುಚ್ಚಿದಳು.

"ಮುಂಜಾನೆಗೆ ಇರಲಿ. ಭಾಳ ದೂರ ಇಟ್ಟಿಲ್ರಿ. ಬೇಕಂದ್ರ ಅಳ್ದು ನೋಡ್ರಿ."

ಟೇಪು ಇನ್ನೂ ಕೈಯಲ್ಲೇ ಇತ್ತು. ಅಳೆದೆ. ನೇರ ಅಳತೆ, ಕರ್ಣವಿಲ್ಲ, ತಕರಾರಿಲ್ಲ: ಎರಡು ಅಡಿ, ಹನ್ನೆರಡೂವರೆ ತಾಸು.